1596ರ ಲಂಡನ್ ದರ್ಜಿಯ ಮನೆ: ಏನು ತೊಡುತ್ತಿದ್ದರು, ಏನು ತಿನ್ನುತ್ತಿದ್ದರು? ನಾಟಕಕ್ಕೆ ಸಹಾಯ ಬೇಕು

ರಂಗಸಜ್ಜಿಕೆ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಹವ್ಯಾಸಿ ತಂಡ ಇದೆ. ಈ ಸಲ ನಾವೇ ಬರೆದ ಹೊಸ ನಾಟಕ ಆಡುತ್ತಿದ್ದೇವೆ. ಕಥೆ ನಡೆಯುವುದು 1596ರಲ್ಲಿ, ಲಂಡನ್ನಿನ ಒಬ್ಬ ದರ್ಜಿಯ ಮನೆಯಲ್ಲಿ. ಮೊದಲನೇ ಎಲಿಜಬೆತ್ ರಾಣಿಯ ಆಳ್ವಿಕೆಯ ಕೊನೆಯ ವರ್ಷಗಳು. ಬಟ್ಟೆಬರೆ, ರಂಗಸಜ್ಜಿಕೆ ಎರಡೂ ನನ್ನ ಪಾಲಿಗೆ ಬಂದಿವೆ.

ತೊಂದರೆ ಏನೆಂದರೆ, ಎಲ್ಲಿ ಹುಡುಕಿದರೂ ರಾಣಿಯ ಚಿತ್ರಗಳೇ ಸಿಗುತ್ತವೆ. ಮುತ್ತು, ಬಂಗಾರದ ಕಸೂತಿ, ದೊಡ್ಡ ದೊಡ್ಡ ಕಾಲರು. ನಮಗೆ ಬೇಕಿರುವುದು ದರ್ಜಿ, ಅವನ ಹೆಂಡತಿ, ಅವರ ಹತ್ತಿರ ಕೆಲಸ ಕಲಿಯಲು ಬಂದ ಒಬ್ಬ ಹುಡುಗ. ಅಷ್ಟೇ.

ಸದ್ಯಕ್ಕೆ ಇಟ್ಟುಕೊಂಡಿರುವುದು ಇದು: ಹಿಂದಿನ ಪರದೆಯ ಮೇಲೆ ಗ್ಲೋಬ್ ರಂಗಮಂದಿರದ ಚಿತ್ರ, ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ ಮತ್ತು ಚಹಾ, ದರ್ಜಿಗೆ ನೇರಳೆ ರೇಷ್ಮೆಯ ಕೋಟು. ಕರಪತ್ರದಲ್ಲಿ "ಇಂಗ್ಲೆಂಡಿನ ಸುವರ್ಣಯುಗದ ಕಥೆ" ಅಂತ ಹಾಕಿಸಬೇಕೆಂದಿದ್ದೇವೆ. ತಪ್ಪಿದ್ದರೆ ದಯವಿಟ್ಟು ಹೇಳಿ, ಇನ್ನೂ ಸಮಯ ಇದೆ.

ಹಳೇ ಮೇಷ್ಟ್ರು
ಒಳ್ಳೆಯ ಕೆಲಸ ಕೈಗೆತ್ತಿಕೊಂಡಿದ್ದೀರಿ. ಮೊದಲು ಆ ಪರದೆ ಬದಲಿಸಿ. 1596ರಲ್ಲಿ ಗ್ಲೋಬ್ ಇರಲೇ ಇಲ್ಲ, ಅದು ಎದ್ದದ್ದು 1599ರಲ್ಲಿ. ಊರ ಹೊರಗೆ ಶೋರ್‌ಡಿಚ್ ಎಂಬಲ್ಲಿ ಜೇಮ್ಸ್ ಬರ್ಬೇಜ್ 1576ರಲ್ಲಿ ಒಂದು ನಾಟಕಶಾಲೆ ಕಟ್ಟಿಸಿದ್ದ. ಅದರ ಹೆಸರೇ "ದಿ ಥಿಯೇಟರ್". ಮುಂದೆ ಜಾಗದ ಗುತ್ತಿಗೆಗೆ ಜಗಳವಾಯಿತು. 1598ರ ಡಿಸೆಂಬರ್ ಕೊನೆಯಲ್ಲಿ ಅದನ್ನು ತೊಲೆ ತೊಲೆಯಾಗಿ ಬಿಚ್ಚಿ, ಅದೇ ಮರವನ್ನು ಥೇಮ್ಸ್ ನದಿಯ ಆಚೆ ದಡಕ್ಕೆ ಸಾಗಿಸಿ ಗ್ಲೋಬ್ ಕಟ್ಟಿದರು. ನಿಮ್ಮ ಕಥೆಯ ವರ್ಷಕ್ಕೆ ಆಚೆ ದಡದಲ್ಲಿ ರೋಸ್ ಎಂಬ ನಾಟಕಶಾಲೆ ಇತ್ತು, ಸ್ವಾನ್ ಎಂಬ ಇನ್ನೊಂದು ಹೊಸದಾಗಿ ಎದ್ದಿತ್ತು. ಪಕ್ಕದಲ್ಲೇ ಕರಡಿಯನ್ನು ಕಂಬಕ್ಕೆ ಕಟ್ಟಿ ನಾಯಿ ಬಿಡುವ ಆಟದ ಅಂಕಣವೂ ಇತ್ತು. ಅದಕ್ಕೂ ಅಷ್ಟೇ ಜನ ಸೇರುತ್ತಿದ್ದರು.

ಚಹಾ ತೆಗೆದುಬಿಡಿ. ಕಾಫಿಯೂ ಬೇಡ. ಎರಡೂ ಅಲ್ಲಿಗೆ ಬಂದದ್ದು ಮುಂದಿನ ಶತಮಾನದಲ್ಲಿ. ಆಲೂಗಡ್ಡೆ ಆಗಿನ್ನೂ ತೋಟಗಾರಿಕೆಯ ಹುಚ್ಚಿದ್ದ ಶ್ರೀಮಂತರ ಕುತೂಹಲದ ವಸ್ತು, ದರ್ಜಿಯ ಮೇಜಿಗೆ ಬಂದಿರಲಿಲ್ಲ. ಊಟದ ಮೇಜಿನ ಮೇಲೆ ಫೋರ್ಕ್ ಇಡಬೇಡಿ. ಚಾಕು, ಚಮಚ, ಕೈಬೆರಳು, ಇಷ್ಟೇ. ಬ್ರೆಡ್, ಚೀಸ್, ಬಟಾಣಿ ಹಾಕಿದ ಗಟ್ಟಿ ಗಂಜಿ, ಆದ ದಿನ ಮಾಂಸ. ಕುಡಿಯಲು ಬಿಯರ್. ಮಕ್ಕಳಿಗೂ ಅದೇ, ತೆಳುವಾದದ್ದು.

ಇನ್ನು ನೇರಳೆ ರೇಷ್ಮೆ. ಅದು ತಪ್ಪು ಮಾತ್ರ ಅಲ್ಲ, ನಿಮ್ಮ ದರ್ಜಿ ಅದನ್ನು ತೊಟ್ಟರೆ ಅಪರಾಧ ಮಾಡಿದ ಹಾಗೆ. ಯಾರು ಯಾವ ಬಟ್ಟೆ ತೊಡಬಹುದು ಎನ್ನುವುದಕ್ಕೆ ಕಾನೂನು ಇತ್ತು. 1574ರಲ್ಲಿ ರಾಣಿ ಹೊರಡಿಸಿದ ಘೋಷಣೆಯಲ್ಲಿ ಪಟ್ಟಿಯೇ ಇದೆ. ನೇರಳೆ ರೇಷ್ಮೆ ರಾಜಮನೆತನಕ್ಕೆ ಮತ್ತು ತೀರಾ ಮೇಲಿನ ಪದವಿಯವರಿಗೆ ಮೀಸಲು. ವೆಲ್ವೆಟ್ಟಿಗೆ ಇಷ್ಟು ಅಂತಸ್ತು ಬೇಕು, ಸ್ಯಾಟಿನ್ನಿಗೆ ಇಷ್ಟು ಆದಾಯ ಬೇಕು, ಹೀಗೆ.

ದಾರದುಂಡೆ
ನಾನು ಕಸುಬಿನಿಂದ ಟೈಲರ್. ಈ ಕಾಲದ ಬಟ್ಟೆಯ ಬಗ್ಗೆ ಓದುವ ಹುಚ್ಚು ಮೊದಲಿಂದ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ದರ್ಜಿಗೆ ಉಣ್ಣೆಬಟ್ಟೆ, ಒಳಗೆ ನಾರುಬಟ್ಟೆಯ (ಲಿನನ್) ಅಂಗಿ. ಹತ್ತಿ ಬೇಡ. ಬಣ್ಣ ಎಂದರೆ ಕಂದು, ಬೂದು, ಮಾಸಲು ಕೆಂಪು, ಹಸಿರು. ಕೆಂಪು ಬರುತ್ತಿದ್ದದ್ದು ಮ್ಯಾಡರ್ ಬೇರಿನಿಂದ, ಅದು ನಮ್ಮ ಮಂಜಿಷ್ಠದ ಹತ್ತಿರದ ನಂಟ. ಕೆಲಸ ಕಲಿಯುವ ಹುಡುಗನಿಗೆ ನೀಲಿ ಕೊಡಿ. ಆಗ ನೀಲಿ ಎಂದರೆ ಆಳುಗಳ, ಕೆಲಸದ ಹುಡುಗರ ಬಣ್ಣ. ಸ್ವಲ್ಪ ಅಂತಸ್ತು ಇದ್ದವರು ಆ ಬಣ್ಣದ ಕೋಟಿನಿಂದ ದೂರ ಇರುತ್ತಿದ್ದರು.

ಕಾಲರ್ ವಿಷಯ. ಕತ್ತಿನ ಸುತ್ತ ನಿರಿಗೆ ನಿರಿಗೆಯಾಗಿ ನಿಲ್ಲುವ ಆ ಕಾಲರಿಗೆ ರಫ್ ಎನ್ನುತ್ತಾರೆ. ಅದು ನಿಲ್ಲುವುದು ಗಂಜಿಯಿಂದ. ಚೆನ್ನಾಗಿ ಗಂಜಿ ಹಾಕುವ ವಿದ್ಯೆ ನೆದರ್ಲೆಂಡ್ಸ್ ಕಡೆಯ ಹೆಂಗಸರಿಂದ ಲಂಡನ್ನಿಗೆ ಬಂತು. ಒದ್ದೆ ಬಟ್ಟೆಗೆ ಗಂಜಿ ಹಾಕಿ, ಕಾಯಿಸಿದ ಕಬ್ಬಿಣದ ಕಡ್ಡಿ ತೂರಿಸಿ ಒಂದೊಂದೇ ನಿರಿಗೆ ಕೂರಿಸಬೇಕು. ಒಂದು ಮಳೆ ಬಂದರೆ ಎಲ್ಲಾ ಜೋತುಬೀಳುತ್ತದೆ, ಮತ್ತೆ ಮೊದಲಿಂದ ಶುರು. ದರ್ಜಿಯ ಹೆಂಡತಿ ವೇದಿಕೆಯ ಮೇಲೆ ಈ ಕೆಲಸ ಮಾಡುತ್ತಾ ಮಾತಾಡಬಹುದು ಅಲ್ವಾ? ನೋಡುವವರಿಗೆ ಎಷ್ಟು ಶ್ರಮ ಅಂತ ತಿಳಿಯುತ್ತದೆ.

ಮಳೆಹನಿ
ಟೋಪಿ ಮರೆತಿರಿ! 1571ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಆರು ವರ್ಷ ದಾಟಿದ ಪ್ರತಿಯೊಬ್ಬರೂ ಭಾನುವಾರ ಮತ್ತು ಹಬ್ಬದ ದಿನ ಇಂಗ್ಲೆಂಡಿನಲ್ಲೇ ಮಾಡಿದ ಉಣ್ಣೆ ಟೋಪಿ ಹಾಕಬೇಕು. ಪ್ರಭುಗಳು, ಜಮೀನಿನ ವರಮಾನ ಇದ್ದ ದೊಡ್ಡ ಮನೆತನದವರು, ಕನ್ಯೆಯರು, ಸಿರಿವಂತ ಹೆಂಗಸರಿಗೆ ವಿನಾಯಿತಿ. ಹಾಕದಿದ್ದರೆ ದಿನಕ್ಕೆ 3 ಶಿಲ್ಲಿಂಗ್ 4 ಪೆನ್ನಿ ದಂಡ. 12 ಪೆನ್ನಿಗೆ ಒಂದು ಶಿಲ್ಲಿಂಗ್, ಹಾಗಾಗಿ ಒಟ್ಟು 40 ಪೆನ್ನಿ. ಲಂಡನ್ನಿನ ಒಬ್ಬ ಒಳ್ಳೆಯ ಕಸುಬುದಾರನ ಮೂರು ದಿನದ ಕೂಲಿಗಿಂತ ಜಾಸ್ತಿ.

ಇದೆಲ್ಲ ಯಾಕೆ ಎಂದರೆ ಟೋಪಿ ಹೆಣೆಯುವವರ ಹೊಟ್ಟೆಪಾಡಿಗೆ. ಫ್ಯಾಷನ್ ಬದಲಾಗಿ ಜನ ಬೇರೆ ತರಹದ ಹ್ಯಾಟ್ ಹಾಕಲು ಶುರು ಮಾಡಿದ್ದರು, ಹೆಣೆಯುವವರಿಗೆ ಕೆಲಸ ಇಲ್ಲವಾಗಿತ್ತು. ಕಾನೂನು ರದ್ದಾದದ್ದು 1597ರಲ್ಲಿ. ನಿಮ್ಮ ಕಥೆ 1596ರದ್ದು. ಹಾಗಾಗಿ ಭಾನುವಾರದ ದೃಶ್ಯ ಇದ್ದರೆ ಆ ಮನೆಯ ಗಂಡಸರ ತಲೆಯ ಮೇಲೆ ಟೋಪಿ ಇರಲೇಬೇಕು.

ಹಳೇ ಮೇಷ್ಟ್ರು
ಮಳೆಹನಿ ಅವರು ಹೇಳಿದ್ದರಲ್ಲೇ ಆ ಕಾಲದ ಗುಟ್ಟಿದೆ. ರಾಣಿ ಎಂದರೆ ನಮಗೆ ಆಸ್ಥಾನ, ಸ್ಪೇನಿನ ನೌಕಾಪಡೆಯ ಜೊತೆ 1588ರ ಯುದ್ಧ, ಇಷ್ಟೇ ನೆನಪಾಗುತ್ತದೆ. ಸಾಮಾನ್ಯನಿಗೆ ರಾಣಿ ಬೇರೆ ದಾರಿಯಲ್ಲಿ ಎದುರಾಗುತ್ತಿದ್ದಳು. ತಲೆಯ ಟೋಪಿಯಲ್ಲಿ, ತಟ್ಟೆಯ ಮೀನಿನಲ್ಲಿ, ಭಾನುವಾರದ ಚರ್ಚಿನಲ್ಲಿ, ಬೆಳಗ್ಗೆ ಏಳುವ ಹೊತ್ತಿನಲ್ಲಿ.

ಮೀನಿನ ವಿಷಯ ಕೇಳಿ. ಶುಕ್ರವಾರ, ಶನಿವಾರ ಮಾಂಸ ತಿನ್ನಬಾರದು ಎನ್ನುವುದು ಹಳೇ ಕ್ಯಾಥೊಲಿಕ್ ಪದ್ಧತಿ. ದೇಶ ಪ್ರೊಟೆಸ್ಟೆಂಟ್ ಆದ ಮೇಲೂ ಅದನ್ನು ಬಿಡಲಿಲ್ಲ. ರಾಣಿಯ ಮಂತ್ರಿ ವಿಲಿಯಂ ಸೆಸಿಲ್ 1563ರಲ್ಲಿ ಬುಧವಾರವನ್ನೂ ಸೇರಿಸಿದ. ಕಾರಣ ದೇವರಲ್ಲ, ನೌಕಾಪಡೆ. ಮೀನು ಮಾರಾಟವಾದರೆ ಮೀನುಗಾರರು ಉಳಿಯುತ್ತಾರೆ, ಮೀನುಗಾರರು ಉಳಿದರೆ ಯುದ್ಧದ ಹಡಗಿಗೆ ನಾವಿಕರು ಸಿಗುತ್ತಾರೆ. ಅದೇ ಕಾನೂನಿನಲ್ಲಿ ಇನ್ನೊಂದು ಮಾತು ಬರೆದಿದ್ದಾರೆ. ಮೀನು ತಿಂದರೆ ಆತ್ಮಕ್ಕೆ ಒಳ್ಳೆಯದು ಅಂತ ಯಾರಾದರೂ ಬೋಧಿಸಿದರೆ ಸುಳ್ಳುಸುದ್ದಿ ಹಬ್ಬಿಸಿದವರಿಗೆ ಕೊಡುವ ಶಿಕ್ಷೆ! ಎಷ್ಟು ಯೋಚಿಸಿ ಬರೆದಿದ್ದಾರೆ ನೋಡಿ. ಬುಧವಾರದ ನಿಯಮ ಆಮೇಲೆ ಹೋಯಿತು, ಶುಕ್ರವಾರ ಶನಿವಾರ ಉಳಿದವು.

ರಂಗಸಜ್ಜಿಕೆ
ಒಂದೇ ದಿನದಲ್ಲಿ ಇಷ್ಟೊಂದು! ತುಂಬಾ ಧನ್ಯವಾದ. ನೇರಳೆ ರೇಷ್ಮೆ, ಚಹಾ, ಆಲೂಗಡ್ಡೆ, ಗ್ಲೋಬ್ ನಾಲ್ಕೂ ಹೋದವು.

ಕೆಲಸದ ಹೊತ್ತಿನ ಬಗ್ಗೆ ಇನ್ನೂ ಸ್ವಲ್ಪ ಹೇಳಿ ಸರ್. ನಾಟಕದಲ್ಲಿ ಆ ಹುಡುಗ ಕೆಲಸ ಬಿಟ್ಟು ಕದ್ದು ನಾಟಕ ನೋಡಲು ಹೋಗುತ್ತಾನೆ. ರಾತ್ರಿ ಹೋಗುವ ಹಾಗೆ ಬರೆದಿದ್ದೇವೆ.

ಹಳೇ ಮೇಷ್ಟ್ರು
ರಾತ್ರಿ ಬೇಡ. ಬಯಲಿಗೆ ತೆರೆದ ರಂಗಮಂದಿರಗಳು, ಸೂರ್ಯನ ಬೆಳಕೇ ದೀಪ. ಆಟ ಶುರುವಾಗುತ್ತಿದ್ದದ್ದು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ. ಹಾಗಾಗಿ ನಿಮ್ಮ ಹುಡುಗ ಹಾಡಹಗಲೇ ತಪ್ಪಿಸಿಕೊಳ್ಳಬೇಕು.

1563ರ ಇನ್ನೊಂದು ಕಾನೂನಿನ ಪ್ರಕಾರ ಮಾರ್ಚ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಬೆಳಗ್ಗೆ 5ಕ್ಕೆ ಕೆಲಸ ಶುರು, ಸಂಜೆ 7 ದಾಟಿದ ಮೇಲೆ ಬಿಡುವುದು. ತಿಂಡಿ, ಊಟ, ಕುಡಿಯುವುದು ಎಲ್ಲಕ್ಕೂ ಸೇರಿ ದಿನಕ್ಕೆ ಎರಡೂವರೆ ಗಂಟೆ ಮೀರಬಾರದು. ಚಳಿಗಾಲದಲ್ಲಿ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ. ಕೂಲಿಗೆ ಬಂದವನು ಒಂದು ಗಂಟೆ ತಪ್ಪಿಸಿದರೆ ಒಂದು ಪೆನ್ನಿ ಕಡಿತ. ಕೆಲಸ ಕಲಿಯುವುದಕ್ಕೆ ಕಡಿಮೆ ಎಂದರೆ ಏಳು ವರ್ಷ, 24 ವಯಸ್ಸಾಗುವ ಮೊದಲು ಬಿಡುಗಡೆ ಇಲ್ಲ. ಆ ಹುಡುಗನಿಗೆ ಊಟ, ಬಟ್ಟೆ, ಮಲಗಲು ಜಾಗ ಸಿಗುತ್ತಿತ್ತು. ಮದುವೆ ಆಗುವ ಹಾಗಿರಲಿಲ್ಲ.

ನಾಟಕಕ್ಕೆ ನಿಂತು ನೋಡಲು ಒಂದು ಪೆನ್ನಿ. ಅಗ್ಗ ಅಲ್ವಾ ಅನ್ನಿಸುತ್ತದೆ. ಆದರೆ ಎರಡು ಗಂಟೆಯಿಂದ ಐದರವರೆಗೆ ಅಲ್ಲಿ ನಿಂತ ಕೂಲಿಯವನಿಗೆ ಇನ್ನೂ ಮೂರು ಪೆನ್ನಿ ಕೈಬಿಟ್ಟ ಹಾಗೆ. ಹುಡುಗರು ಕೆಲಸ ಬಿಟ್ಟು ನಾಟಕಕ್ಕೆ ಓಡುತ್ತಾರೆ ಅಂತ ಲಂಡನ್ ನಗರಾಡಳಿತ ವರ್ಷವರ್ಷವೂ ದೂರುತ್ತಿತ್ತು. ರಂಗಮಂದಿರಗಳೆಲ್ಲ ನಗರದ ಅಧಿಕಾರ ನಡೆಯದ ಜಾಗದಲ್ಲಿ, ಹೊರವಲಯದಲ್ಲಿ ಎದ್ದದ್ದಕ್ಕೆ ಇದೂ ಒಂದು ಕಾರಣ.

ದಾರದುಂಡೆ
ಇದಕ್ಕೆ ಬಟ್ಟೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಥಾಮಸ್ ಪ್ಲಾಟರ್ ಎಂಬ ಸ್ವಿಟ್ಜರ್ಲೆಂಡಿನ ಯುವಕ 1599ರಲ್ಲಿ ಲಂಡನ್ನಿನಲ್ಲಿ ನಾಟಕ ನೋಡಿ ಬರೆದಿಟ್ಟಿದ್ದಾನೆ. ನಿಲ್ಲಲು ಒಂದು ಪೆನ್ನಿ, ಕೂರಲು ಇನ್ನೊಂದು, ಮೆತ್ತನೆಯ ಆಸನ ಬೇಕಾದರೆ ಮತ್ತೊಂದು. ನಟರ ಬಟ್ಟೆ ಬಹಳ ಬೆಲೆಬಾಳುವಂಥವು, ಯಾಕೆಂದರೆ ದೊಡ್ಡ ಪ್ರಭುಗಳು ಸಾಯುವಾಗ ತಮ್ಮ ಒಳ್ಳೆಯ ಬಟ್ಟೆಗಳನ್ನು ಆಳುಗಳಿಗೆ ಬಿಟ್ಟುಹೋಗುತ್ತಿದ್ದರು. ಆಳು ಅದನ್ನು ತೊಡುವ ಹಾಗಿಲ್ಲ. ಅದಕ್ಕೆ ನಾಟಕದವರಿಗೆ ಮಾರಿಬಿಡುತ್ತಿದ್ದ.

ಅಂದರೆ ಒಬ್ಬ ದರ್ಜಿ ಹೊಲಿದ ವೆಲ್ವೆಟ್ ಕೋಟು ಪ್ರಭುವಿನ ಮೈಮೇಲೆ ಇದ್ದು, ಆಳಿನ ಪೆಟ್ಟಿಗೆಗೆ ಬಂದು, ಕೊನೆಗೆ ಒಬ್ಬ ನಟನ ಮೈಮೇಲೆ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ನಿಮ್ಮ ಹುಡುಗ ಒಂದು ಪೆನ್ನಿ ಕೊಟ್ಟು ಒಳಗೆ ನಿಂತಾಗ ಅವನ ಯಜಮಾನ ಹೊಲಿದ ಕೋಟನ್ನೇ ವೇದಿಕೆಯ ಮೇಲೆ ಗುರುತು ಹಿಡಿದರೆ? ಹೊಲಿಗೆ ಮಾಡುವವನಿಗೆ ತನ್ನ ಕೈಯ ಗುರುತು ಸಿಕ್ಕೇ ಸಿಗುತ್ತದೆ. ನನಗೂ ಮದುವೆ ಮನೆಗಳಲ್ಲಿ ನಾನು ಹೊಲಿದ ಬ್ಲೌಸು ದೂರದಿಂದಲೇ ಗೊತ್ತಾಗುತ್ತದೆ.

ರಂಗಸಜ್ಜಿಕೆ
ಇದನ್ನು ಓದಿ ನಮ್ಮ ಬರೆಯುವವರು ಎದ್ದು ನಿಂತರು. ಈ ದೃಶ್ಯ ಖಂಡಿತ ಬರುತ್ತದೆ. ದರ್ಜಿಯ ಹೆಂಡತಿಯ ಬಗ್ಗೆ ಯಾರಾದರೂ ಹೇಳುತ್ತೀರಾ? ಅವಳಿಗೆ 16 ವರ್ಷ ಅಂತ ಇಟ್ಟಿದ್ದೇವೆ.

ಮಳೆಹನಿ
ಸ್ವಲ್ಪ ಹೆಚ್ಚಿಸಿ. ಸಾಮಾನ್ಯ ಜನರಲ್ಲಿ ಹೆಣ್ಣುಮಕ್ಕಳು ಮೊದಲ ಮದುವೆಯಾಗುತ್ತಿದ್ದದ್ದು ಸರಾಸರಿ 26ರ ಆಸುಪಾಸಿನಲ್ಲಿ, ಲಂಡನ್ನಿನಲ್ಲಿ ಸ್ವಲ್ಪ ಮೊದಲು. ಗಂಡಸರು ಇನ್ನೊಂದೆರಡು ವರ್ಷ ದೊಡ್ಡವರು. ಚಿಕ್ಕ ವಯಸ್ಸಿನ ಮದುವೆ ಪ್ರಭುಗಳ ಮನೆಯಲ್ಲಿ. ಹದಿಹರೆಯದಲ್ಲಿ ಹುಡುಗ ಹುಡುಗಿಯರಿಬ್ಬರೂ ಮನೆ ಬಿಟ್ಟು ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದು, ನಾಲ್ಕು ಕಾಸು ಕೂಡಿಸಿ, ಆಮೇಲೆ ಬೇರೆ ಮನೆ ಹೂಡುತ್ತಿದ್ದರು. ಅತ್ತೆಯ ಮನೆಗೆ ಹೋಗುವ ಪದ್ಧತಿ ಅಷ್ಟಾಗಿ ಇರಲಿಲ್ಲ.

ಅವಳು ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡಬಹುದು, ಗಿರಾಕಿಯ ಜೊತೆ ಜಗ್ಗಾಡಬಹುದು, ಹೊರಗೆ ಓಡಾಡಬಹುದು. ಬೇರೆ ದೇಶಗಳಿಂದ ಬಂದ ಗಂಡಸರು ಇಲ್ಲಿಯ ಹೆಂಗಸರಿಗೆ ಇಷ್ಟು ಸಲಿಗೆಯಾ ಅಂತ ಆಶ್ಚರ್ಯಪಟ್ಟು ಬರೆದಿದ್ದಾರೆ. ಆದರೆ ಮದುವೆಯಾದ ಮೇಲೆ ಅವಳು ತಂದ ಹಣ, ಸಾಮಾನು ಎಲ್ಲಾ ಗಂಡನದ್ದು. ಕಾನೂನಿನ ಕಣ್ಣಿಗೆ ಅವಳಿಗೆ ಬೇರೆ ಅಸ್ತಿತ್ವವೇ ಇಲ್ಲ. ವಿಧವೆಯಾದರೆ ಮಾತ್ರ ಗಂಡನ ಕಸುಬನ್ನು ತನ್ನ ಹೆಸರಿನಲ್ಲಿ ನಡೆಸಬಹುದಿತ್ತು, ಕೆಲಸ ಕಲಿಯುವ ಹುಡುಗರನ್ನೂ ಇಟ್ಟುಕೊಳ್ಳಬಹುದಿತ್ತು. ಸಿಂಹಾಸನದ ಮೇಲೆ 44 ವರ್ಷ ಒಬ್ಬ ಹೆಂಗಸು ಕೂತಿದ್ದಳು, ಲ್ಯಾಟಿನ್, ಗ್ರೀಕ್, ಫ್ರೆಂಚ್, ಇಟಾಲಿಯನ್ ಬಲ್ಲವಳು. 1597ರಲ್ಲಿ ಪೋಲೆಂಡಿನ ರಾಯಭಾರಿ ಎದುರಿಗೆ ಉದ್ಧಟತನ ತೋರಿಸಿದಾಗ ನಿಂತ ನಿಲುವಿನಲ್ಲೇ ಲ್ಯಾಟಿನ್ನಿನಲ್ಲಿ ಅವನಿಗೆ ಚಳಿ ಬಿಡಿಸಿದಳು. ಅಷ್ಟಾದರೂ ಅವಳ ಕಾಲದ ಹುಡುಗಿಯರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಲಿಲ್ಲ. ನನಗೆ ಇದು ನೋವಿನ ಸಂಗತಿ. ರಿಚರ್ಡ್ ಮಲ್‌ಕ್ಯಾಸ್ಟರ್ ಎಂಬ ಲಂಡನ್ನಿನ ಮೇಷ್ಟ್ರು ಹುಡುಗಿಯರಿಗೂ ಓದಿಸಬೇಕು ಅಂತ ವಾದಿಸಿದ. ಲ್ಯಾಟಿನ್ನಿಗೆ ಗೌರವ ಕೊಡುತ್ತೇನೆ, ಪೂಜಿಸುವುದು ಮಾತ್ರ ನನ್ನ ಇಂಗ್ಲಿಷನ್ನು ಎಂಬ ಅರ್ಥದಲ್ಲಿ ಬರೆದವನೂ ಅವನೇ. ಆಗ ಇಂಗ್ಲಿಷ್ ಕೂಡ ತನ್ನ ಜಾಗಕ್ಕಾಗಿ ಹೋರಾಡಬೇಕಿತ್ತು.

ಥೇಮ್ಸ್ ದಡ
ನಾನು ಹನ್ನೆರಡು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಚರ್ಚಿನ ವಿಷಯ ಸುಮ್ನೆ ಬಿಡಬೇಡಿ, ಅದು ಜೀವದ ಪ್ರಶ್ನೆಯಾಗಿತ್ತು. 1559ರ ಕಾನೂನಿನ ಪ್ರಕಾರ ಭಾನುವಾರ ರಾಣಿಯ ಪ್ರೊಟೆಸ್ಟೆಂಟ್ ಚರ್ಚಿಗೆ ಹೋಗದಿದ್ದರೆ 12 ಪೆನ್ನಿ ದಂಡ, ಒಂದು ದಿನದ ಕೂಲಿ. 1581ರಲ್ಲಿ ಅದನ್ನು ತಿಂಗಳಿಗೆ 20 ಪೌಂಡಿಗೆ ಏರಿಸಿದರು. ಲೆಕ್ಕ ಹಾಕಿ, ಪೌಂಡಿಗೆ 240ರಂತೆ 4800 ಪೆನ್ನಿ. ಒಬ್ಬ ಕಸುಬುದಾರ 400 ದಿನ ದುಡಿಯಬೇಕು. ಕ್ಯಾಥೊಲಿಕ್ ಪಾದ್ರಿಗೆ ಆಶ್ರಯ ಕೊಟ್ಟರೆ 1585ರಿಂದ ಮರಣದಂಡನೆ.

ವುಸ್ಟರ್‌ಶೈರಿನಲ್ಲಿ ಹಾರ್ವಿಂಗ್ಟನ್ ಹಾಲ್ ಎಂಬ ಹಳೆಯ ಮನೆ ಇದೆ. ಪಾದ್ರಿಗಳನ್ನು ಬಚ್ಚಿಡಲು ಮಾಡಿದ ಏಳು ಅಡಗುತಾಣಗಳು ಅಲ್ಲಿವೆ. ಮೆಟ್ಟಿಲಿನ ಹಲಗೆ ಎತ್ತಿದರೆ ಕೆಳಗೆ ಒಬ್ಬ ಮನುಷ್ಯ ಮುದುಡಿ ಕೂರುವಷ್ಟು ಜಾಗ. ನನ್ನ ಮಗಳು ಆ ಕತ್ತಲಿಗೆ ಬಗ್ಗಿ ನೋಡಿ ನನ್ನ ಕೈ ಗಟ್ಟಿ ಹಿಡಿದಳು. ದಿನಗಟ್ಟಲೆ ಅಲ್ಲೇ ಉಸಿರು ಬಿಗಿಹಿಡಿದು ಕೂತವರು ಇದ್ದರು.

ದರ್ಜಿಯ ಹೆಂಡತಿಯ ಪಾತ್ರ ಬರೆಯುವಾಗ ಯಾರ್ಕಿನ ಮಾರ್ಗರೆಟ್ ಕ್ಲಿಥರೋ ಅವಳನ್ನು ನೆನಪಿಡಿ. ಮಾಂಸದ ಅಂಗಡಿಯವನ ಹೆಂಡತಿ. ಪಾದ್ರಿಗಳಿಗೆ ಆಶ್ರಯ ಕೊಟ್ಟ ಆರೋಪ ಬಂತು. ವಿಚಾರಣೆ ನಡೆದರೆ ತನ್ನ ಮಕ್ಕಳೇ ಸಾಕ್ಷಿ ಹೇಳಬೇಕಾಗುತ್ತದೆ ಅಂತ ತಪ್ಪೊಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. 1586ರ ಮಾರ್ಚಿನಲ್ಲಿ ಮೈಮೇಲೆ ಬಾಗಿಲು ಇಟ್ಟು, ಅದರ ಮೇಲೆ ಭಾರ ಹೇರಿ ಅವಳನ್ನು ಕೊಂದರು.

ನೀರಗಂಟಿ
ಎಲ್ಲವನ್ನೂ ಓದಿದೆ. "ಸುವರ್ಣಯುಗ" ಅನ್ನುವ ಪದವನ್ನು ಕರಪತ್ರದಿಂದ ತೆಗೆಯಿರಿ ಅಂತ ಕೇಳಿಕೊಳ್ಳುತ್ತೇನೆ. ನಿಮ್ಮ ಕಥೆ 1596ರದ್ದು. 1594ರಿಂದ ನಾಲ್ಕು ವರ್ಷ ಸತತವಾಗಿ ಮಳೆ ಕೆಡಿಸಿ ಬೆಳೆ ಹೋಯಿತು. ಇಂಗ್ಲೆಂಡಿನ ಬಡವರಿಗೆ ಆ ಇಡೀ ಶತಮಾನದಲ್ಲೇ ತೀರಾ ಕೆಟ್ಟ ವರ್ಷಗಳು. 1595ರ ಜೂನಿನಲ್ಲಿ ಬೆಣ್ಣೆ, ಮೀನಿನ ಬೆಲೆಗೆ ರೊಚ್ಚಿಗೆದ್ದು ಲಂಡನ್ನಿನ ಕೆಲಸ ಕಲಿಯುವ ಹುಡುಗರು ಬೀದಿಗಿಳಿದರು. ನಿಮ್ಮ ಹುಡುಗನಂಥವರೇ. ಆ ಗಲಭೆಗಳ ಕೊನೆಗೆ ಐದು ಜನರಿಗೆ ಮರಣದಂಡನೆ ಆಯಿತು. ನಿಮ್ಮ ಕಥೆಯವರಿಗೆ ಅದು ಹೋದ ವರ್ಷವಷ್ಟೇ ನಡೆದದ್ದು, ಮನೆಯಲ್ಲಿ ಅದರ ಮಾತು ಬಾರದೇ ಇರುತ್ತದಾ?

ಊರೂರು ಅಲೆಯುವ ಬಡವರಿಗೆ 1572ರ ಕಾನೂನು ಏನು ಹೇಳಿತ್ತು ಗೊತ್ತಾ? ಚಾಟಿಯೇಟು, ಬಲಗಿವಿಗೆ ಕಾದ ಕಬ್ಬಿಣದಿಂದ ತೂತು. ಬರ ಬಿದ್ದ ಮೇಲೆ 1598ರಲ್ಲಿ, ಮತ್ತೆ 1601ರಲ್ಲಿ, ಪ್ರತಿ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕು, ಅನುಕೂಲಸ್ಥರಿಂದ ತೆರಿಗೆ ಎತ್ತಬೇಕು ಅಂತ ಮಾಡಿದರು. ಅದು ನಿಜವಾಗಿ ದೊಡ್ಡ ಹೆಜ್ಜೆ, 1834ರವರೆಗೆ ನಡೆಯಿತು. ಆದರೆ ನಿಮ್ಮ ದರ್ಜಿಯ ಕಾಲಕ್ಕೆ ಅದು ಇನ್ನೂ ಬಂದಿಲ್ಲ.

ಹೊರಗಿನ ಲೆಕ್ಕವೂ ಇದೆ. ಜಾನ್ ಹಾಕಿನ್ಸ್ 1562ರಿಂದ ಆಫ್ರಿಕಾದ ಜನರನ್ನು ಹಿಡಿದು ಮಾರುವ ಯಾತ್ರೆ ಶುರು ಮಾಡಿದ. ಎರಡನೇ ಯಾತ್ರೆಗೆ ರಾಣಿಯೇ ತನ್ನ ಹಡಗು ಕೊಟ್ಟಳು. ಐರ್ಲೆಂಡಿನಲ್ಲಿ ದಂಗೆ ಅಡಗಿಸುವಾಗ ಹೊಲಗಳನ್ನು ಸುಟ್ಟು ಮನ್ಸ್ಟರ್ ಪ್ರದೇಶವನ್ನೇ ಹಸಿವಿಗೆ ತಳ್ಳಿದರು. ಅವರಿಗೆ ಇದು ಯಾವ ಯುಗ?

ಹಳೇ ಮೇಷ್ಟ್ರು
ನೀರಗಂಟಿ ಅವರ ಮಾತು ಒಪ್ಪುತ್ತೇನೆ. ಆದರೂ ಆ ಕಾಲದ ಜನರಿಗೇ ತಮ್ಮ ಬದುಕು ಮೇಲೆದ್ದಿದೆ ಅನ್ನಿಸಿದ್ದೂ ಉಂಟು. ಎಸೆಕ್ಸಿನ ರ‍್ಯಾಡ್‌ವಿಂಟರ್ ಎಂಬ ಹಳ್ಳಿಯ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ಬರೆದಿದ್ದಾನೆ. ಅವನ ಹಳ್ಳಿಯ ಮುದುಕರು ತಮ್ಮ ನೆನಪಿನಲ್ಲಿ ಮೂರು ಬದಲಾವಣೆ ಹೇಳುತ್ತಿದ್ದರಂತೆ. ಮನೆಮನೆಗೂ ಹೊಗೆಗೂಡು ಬಂತು. ಮುಂಚೆ ಹುಲ್ಲಿನ ಹಾಸಿಗೆ, ತಲೆಗೆ ಮರದ ದಿಮ್ಮಿ, ದಿಂಬು ಬಾಣಂತಿಯರಿಗೆ ಮಾತ್ರ ಅಂದುಕೊಂಡಿದ್ದರು, ಈಗ ಎಲ್ಲರಿಗೂ ದಿಂಬು. ಮರದ ತಟ್ಟೆಯ ಜಾಗಕ್ಕೆ ತವರದ ತಟ್ಟೆ ಬಂತು. ಇದೇ ಹ್ಯಾರಿಸನ್ ಬೆಲೆ ಏರಿಕೆಯ ಬಗ್ಗೆಯೂ ದುಃಖದಿಂದ ಬರೆದಿದ್ದಾನೆ. ಎರಡೂ ನಿಜ. ನಿಮ್ಮ ದರ್ಜಿಯ ಮನೆಯಲ್ಲಿ ತವರದ ತಟ್ಟೆ ಎರಡು ಇರಲಿ, ಉಳಿದವು ಮರದವು. ಬರ ಬಿಗಿಯಾದಂತೆ ಒಂದು ತವರದ ತಟ್ಟೆ ಮಾಯವಾಗಲಿ.

ಇನ್ನೊಂದು, ಬ್ರೆಡ್. ಒಂದು ಪೆನ್ನಿಯ ಬ್ರೆಡ್ಡಿನ ಬೆಲೆ ಏರುತ್ತಿರಲಿಲ್ಲ. ಗೋಧಿಯ ಬೆಲೆ ಏರಿದ ಹಾಗೆ ತೂಕ ಇಳಿಸುತ್ತಿದ್ದರು, ಎಷ್ಟು ತೂಕ ಎನ್ನುವುದನ್ನು ಅಧಿಕಾರಿಗಳೇ ಗೊತ್ತುಮಾಡುತ್ತಿದ್ದರು. ದೃಶ್ಯದಿಂದ ದೃಶ್ಯಕ್ಕೆ ಮೇಜಿನ ಮೇಲಿನ ಬ್ರೆಡ್ ಚಿಕ್ಕದಾಗುತ್ತಾ ಹೋಗಲಿ. ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ದಾರದುಂಡೆ
ಗಂಜಿ ಮಾಡುತ್ತಿದ್ದದ್ದೂ ಅದೇ ಗೋಧಿಯಿಂದ. ತಿನ್ನುವ ಕಾಳನ್ನು ಕಾಲರಿಗೆ ಸುರಿಯುತ್ತಾರೆ ಅಂತ ಆ ವರ್ಷಗಳಲ್ಲಿ ಜನ ದೂರುತ್ತಿದ್ದರು. ದರ್ಜಿಯ ಹೆಂಡತಿ ಒಂದು ಕಡೆ ಪ್ರಭುವಿನ ರಫ್‌ಗೆ ಗಂಜಿ ಹಾಕುತ್ತಿರಲಿ, ಇನ್ನೊಂದು ಕಡೆ ಆ ಚಿಕ್ಕ ಬ್ರೆಡ್ ಇರಲಿ.

ಕುಂದಾ ನಗರಿ
ನಮ್ಮ ಬೆಳಗಾವಿಯ ಹೆಸರು ನಿಮ್ಮ ದರ್ಜಿಯ ಕಿವಿಗೆ ಬಿದ್ದಿರಬಹುದು, ಗೊತ್ತಾ? ರಾಲ್ಫ್ ಫಿಚ್ ಎಂಬ ಲಂಡನ್ ವ್ಯಾಪಾರಿ, ಚರ್ಮದ ವ್ಯಾಪಾರಿಗಳ ಸಂಘದ ಸದಸ್ಯ, 1583ರಲ್ಲಿ ಜಾನ್ ನ್ಯೂಬೆರಿ ಮುಂತಾದವರ ಜೊತೆ "ಟೈಗರ್" ಎಂಬ ಹಡಗಿನಲ್ಲಿ ಹೊರಟ. ಅಕ್ಬರನಿಗೆ ರಾಣಿ ಬರೆದ ಪತ್ರ ಅವರ ಕೈಯಲ್ಲಿತ್ತು. ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಲ್ಲಿ ಪೋರ್ಚುಗೀಸರು ಹಿಡಿದು ಗೋವೆಯ ಸೆರೆಗೆ ಹಾಕಿದರು. ಬಿಡಿಸಲು ನೆರವಾದವನು ಥಾಮಸ್ ಸ್ಟೀಫನ್ಸ್, 1579ರಲ್ಲೇ ಗೋವೆಗೆ ಬಂದಿದ್ದ ಇಂಗ್ಲಿಷ್ ಕ್ಯಾಥೊಲಿಕ್ ಪಾದ್ರಿ, ಜೆಸ್ವಿಟ್ ಪಂಥದವನು. ಮೇಲೆ ಹೇಳಿದರಲ್ಲ, ಸ್ವಂತ ದೇಶದಲ್ಲೇ ಇದ್ದಿದ್ದರೆ ಆ ಅಡಗುತಾಣಗಳಲ್ಲಿ ಕೂರಬೇಕಾಗುತ್ತಿದ್ದವನು ಇಲ್ಲಿ ಕೊಂಕಣಿಯ ವ್ಯಾಕರಣ ಬರೆದ.

1584ರ ಏಪ್ರಿಲಿನಲ್ಲಿ ಫಿಚ್ ಮತ್ತು ಗೆಳೆಯರು ಗೋವೆಯಿಂದ ತಪ್ಪಿಸಿಕೊಂಡರು. ಮೊದಮೊದಲು ಮುಟ್ಟಿದ ಊರುಗಳಲ್ಲಿ ಒಂದು ಬೆಳಗಾವಿ. ವಜ್ರ, ಮಾಣಿಕ್ಯ, ನೀಲದ ದೊಡ್ಡ ಸಂತೆ ನಡೆಯುತ್ತದೆ ಅಂತ ಬರೆದಿದ್ದಾನೆ. ಅಲ್ಲಿಂದ ಬಿಜಾಪುರ: ಕಲ್ಲಿನ ಎತ್ತರದ ಚೆಂದದ ಮನೆಗಳು, ಬೇಕಾದಷ್ಟು ಬೆಳ್ಳಿ ಬಂಗಾರ, ಯುದ್ಧದ ಆನೆಗಳು. ರಕ್ಕಸತಂಗಡಿಯ ಯುದ್ಧವಾಗಿ ಹತ್ತೊಂಬತ್ತು ವರ್ಷವಾಗಿತ್ತು. ಅವನು ಲಂಡನ್ನಿಗೆ ಮರಳಿದ್ದು 1591ರಲ್ಲಿ. 1600ರ ಡಿಸೆಂಬರ್ 31ರಂದು ರಾಣಿಯ ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪನಿಯವರೂ ಇವನ ಸಲಹೆ ಕೇಳಿದರು.

ನಿಮ್ಮ ದರ್ಜಿಯ ಅಂಗಡಿಗೆ ಕೋಟು ಹೊಲಿಸಲು ಬಂದ ಯಾರೋ ವ್ಯಾಪಾರಿ ಈ ಸುದ್ದಿ ಹೇಳಿದರೆ ಸುಳ್ಳಾಗುವುದಿಲ್ಲ. ಒಂದು ಸಾಲು ಸಾಕು. ನಮ್ಮ ಕಡೆಯವರು ನೋಡಲು ಬಂದರೆ ಅವರಿಗೂ ಖುಷಿಯಾಗುತ್ತದೆ.

ರಂಗಸಜ್ಜಿಕೆ
ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ. ನಿನ್ನೆ ತಂಡದ ಮುಂದೆ ಎಲ್ಲಾ ಓದಿದೆ. ಕರಪತ್ರದಲ್ಲಿ ಈಗ "ಲಂಡನ್, 1596, ಬರದ ವರ್ಷ" ಅಂತಷ್ಟೇ ಇದೆ. ಹಿಂದೆ ಪರದೆ ಇಲ್ಲ, ಒಂದು ಹೊಗೆಗೂಡು ಮಾತ್ರ. ಬ್ರೆಡ್ ಮೂರು ಅಳತೆಯಲ್ಲಿ ಮಾಡಿಸುತ್ತಿದ್ದೇವೆ. ಬೆಳಗಾವಿಯ ವಜ್ರದ ಸಾಲು ಎರಡನೇ ದೃಶ್ಯಕ್ಕೆ ಬಂತು. ಒಂದೇ ತೊಂದರೆ, ಹೆಣೆದ ಉಣ್ಣೆ ಟೋಪಿ ಮೈಸೂರಿನಲ್ಲಿ ಆ ಆಕಾರದಲ್ಲಿ ಸಿಗುತ್ತಿಲ್ಲ.

ದಾರದುಂಡೆ
ನನ್ನ ತಂಗಿ ಉಣ್ಣೆ ಹೆಣೆಯುತ್ತಾಳೆ. ಚಪ್ಪಟೆಯಾಗಿ, ಸುತ್ತ ಸಣ್ಣ ಅಂಚು ಬಿಟ್ಟು ಹೆಣೆದು, ಬಿಸಿನೀರಿನಲ್ಲಿ ತಿಕ್ಕಿ ಗಟ್ಟಿ ಮಾಡಿದರೆ ಆಯಿತು, ಆಗಲೂ ಹಾಗೇ ಮಾಡುತ್ತಿದ್ದರು. ಗಂಡಸರ ಪಾತ್ರ ಎಷ್ಟು ಅಂತ ಹೇಳಿ, ಎಲ್ಲರ ತಲೆಯ ಅಳತೆ ಕಳಿಸಿ. ತೊಳೆದಾಗ ಕುಗ್ಗುತ್ತದೆ, ಹಾಗಾಗಿ ಅಳತೆ ಬಿಗಿಯಾಗಿ ತೆಗೆಯಬೇಡಿ.